ಹಿತ್ತಲಿನ ಹಕ್ಕಿಗಳ ಛಾಯಾಗ್ರಹಣ: ಗೂಡಿನಿಂದ ಎಷ್ಟು ದೂರ ನಿಲ್ಲಬೇಕು?

ಹಿತ್ತಲವಾಸಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಹೊರವಲಯದಲ್ಲಿರುವ ನಮ್ಮ ಮನೆಯ ಹಿಂದೆ ದಾಸವಾಳ, ನುಗ್ಗೆ, ಕರಿಬೇವು ಮತ್ತು ನಾಲ್ಕಾರು ಬಾಳೆಗಿಡಗಳಿರುವ ಸಣ್ಣ ಹಿತ್ತಲಿದೆ. ನಿವೃತ್ತಿಯ ನಂತರ ಹಕ್ಕಿ ನೋಡುವ ಹವ್ಯಾಸ ಹತ್ತಿಕೊಂಡು, ಬೇರೊಬ್ಬರು ಬಳಸಿ ಮಾರಿದ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನೂ 70-300 ಮಿ.ಮೀ. ಲೆನ್ಸನ್ನೂ ಕೊಂಡಿದ್ದೇನೆ. ಪಿಕಳಾರ, ಮಡಿವಾಳ, ಹರಟೆಮಲ್ಲ, ಕೆಂಬೂತ, ಚೋರೆ ಇವೆಲ್ಲ ದಿನವೂ ಬರುತ್ತವೆ. ಈಗ ಬಟ್ಟೆ ಒಣಹಾಕುವ ತಂತಿಯಿಂದ ಇಳಿಬಿದ್ದಿದ್ದ ಹಳೆಯ ಹಗ್ಗದ ತುದಿಯಲ್ಲಿ ಸೂರಕ್ಕಿಯೊಂದು ಗೂಡು ಕಟ್ಟಲು ಹಿಡಿದಿದೆ. ಅಡುಗೆಮನೆಯ ಕಿಟಕಿಗೂ ಗೂಡಿಗೂ ಹತ್ತು ಹನ್ನೆರಡು ಅಡಿಗಳಷ್ಟೇ ಅಂತರ.

ನನ್ನ ಪ್ರಶ್ನೆಗಳು ಇಷ್ಟು. ಎಷ್ಟು ಹತ್ತಿರ ಹೋಗಿ ಚಿತ್ರ ತೆಗೆಯಬಹುದು? ಗೂಡಿಗೆ ಅಡ್ಡವಾಗಿರುವ ಒಂದೆರಡು ದಾಸವಾಳದ ರೆಂಬೆಗಳನ್ನು ಸವರಬಹುದೇ? ಈವರೆಗೆ ತೆಗೆದ ಚಿತ್ರಗಳಲ್ಲಿ ಗಂಡು ಹಕ್ಕಿ ಕಪ್ಪು ಮುದ್ದೆಯಂತೆ ಮಸುಕಾಗಿ ಬರುವುದೇಕೆ? ಹಕ್ಕಿಗಳು ಇನ್ನಷ್ಟು ಬರಲೆಂದು ನೀರು, ಕಾಳು ಇಡುವುದು ಒಳ್ಳೆಯದೇ?

ಕಾಡುಮಲ್ಲಿಗೆ, ಸಿರ್ಸಿ

ಹಿತ್ತಲವಾಸಿಯವರೇ, ರೆಂಬೆಯ ವಿಷಯ ಮೊದಲು: ದಯವಿಟ್ಟು ಒಂದು ಎಲೆಯನ್ನೂ ಸವರಬೇಡಿ. ನಿಮಗೆ ಅಡ್ಡವೆನಿಸುವ ಆ ರೆಂಬೆಯೇ ಗೂಡಿಗೆ ಬಿಸಿಲಿನಿಂದ ಮರೆ, ಕಾಗೆ ಮತ್ತು ಮಟಪಕ್ಷಿಗಳ ಕಣ್ಣಿನಿಂದಲೂ ಮರೆ. ಸೂರಕ್ಕಿ ಗೂಡಿನ ಬಾಗಿಲನ್ನು ಸಾಮಾನ್ಯವಾಗಿ ಗಿಡದ ಕಡೆಗೆ ಮುಖಮಾಡಿಯೇ ಇಡುತ್ತದೆ. ಎಕ್ಕದ ಹತ್ತಿಯ ಹಾಸಿಗೆ ಮಾಡಿ, ಜೇಡರ ಬಲೆಯಿಂದ ನಾರುಗಳನ್ನು ಬಿಗಿದು, ಹೊರಮೈಗೆ ತೊಗಟೆಯ ಚೂರು, ಕಲ್ಲುಹೂವು, ಒಣಕಸ ಇವನ್ನೆಲ್ಲ ಅಂಟಿಸಿ, ನೋಡಿದವರು ಬಲೆಗೆ ಸಿಕ್ಕಿ ತೂಗುತ್ತಿರುವ ಕಸವೆಂದೇ ತಿಳಿಯುವಂತೆ ಅದು ಕಟ್ಟುತ್ತದೆ. ಆ ಶ್ರಮವನ್ನು ಒಂದು ಕತ್ತರಿ ಕ್ಷಣದಲ್ಲಿ ಹಾಳುಮಾಡುತ್ತದೆ.

ಇದು ಕೇವಲ ಸೌಜನ್ಯದ ಮಾತಲ್ಲ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆ ‘ಬೇಟೆ’ ಎಂಬುದಕ್ಕೆ ಕೊಡುವ ವ್ಯಾಖ್ಯೆಯೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದಷ್ಟೇ ಅಲ್ಲದೆ, ಮೊಟ್ಟೆಗಾಗಲಿ ಗೂಡಿಗಾಗಲಿ ತೊಂದರೆ ಕೊಡುವುದೂ ಸೇರಿದೆ. ಹಿತ್ತಲು ನಮ್ಮದಾದರೂ ಅದರೊಳಗಿನ ಗೂಡಿನ ಮೇಲೆ ನಮಗೆ ಹಕ್ಕಿಲ್ಲ.

ದೂರದ ಪ್ರಶ್ನೆಗೆ ಅಡಿಗಳ ಲೆಕ್ಕದಲ್ಲಿ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಉತ್ತರ ಹಕ್ಕಿಯ ನಡವಳಿಕೆಯಲ್ಲಿದೆ. ಕೊಕ್ಕಿನಲ್ಲಿ ಹುಳುವನ್ನೋ ನಾರನ್ನೋ ಹಿಡಿದು ಬಂದ ಹಕ್ಕಿ ಗೂಡಿಗೆ ಹೋಗದೆ ಪಕ್ಕದ ತಂತಿಯ ಮೇಲೆ ಕುಳಿತು, ಅತ್ತಿತ್ತ ಹಾರಿ, ಮೊನಚಾದ ಸ್ವರದಲ್ಲಿ ಬಿಡದೆ ಕೂಗತೊಡಗಿದರೆ ನೀವು ಬೇಕಾದುದಕ್ಕಿಂತ ಹತ್ತಿರ ಇದ್ದೀರಿ ಎಂದೇ ಅರ್ಥ. ಕೂಡಲೇ ಹಿಂದೆ ಸರಿಯಬೇಕು. ನೀವು ನಿಂತಿದ್ದರೂ ಅದು ನೇರವಾಗಿ ಬಂದು ಹೋಗುತ್ತಿದ್ದರೆ ಅಂತರ ಸರಿಯಾಗಿದೆ.

ಹಂತವನ್ನೂ ಗಮನಿಸಬೇಕು. ಗೂಡು ಕಟ್ಟುವಾಗ ಮತ್ತು ಮೊಟ್ಟೆಯಿಡುವ ದಿನಗಳಲ್ಲಿ ಹಕ್ಕಿ ಸಣ್ಣ ಅಂಜಿಕೆಗೂ ಜಾಗ ಬಿಟ್ಟು ಹೋಗಬಹುದು, ಆದ್ದರಿಂದ ಈಗ ಕ್ಯಾಮೆರಾವನ್ನು ಒಳಗೇ ಇಟ್ಟರೆ ಉತ್ತಮ. ಎರಡು ಮೊಟ್ಟೆ, ಸುಮಾರು ಎರಡು ವಾರ ಕಾವು, ಮರಿಗಳು ಹಾರಲು ಮತ್ತೆ ಎರಡು ವಾರಕ್ಕೂ ಸ್ವಲ್ಪ ಹೆಚ್ಚು ಎಂದಿಟ್ಟುಕೊಳ್ಳಿ. ಮರಿಗಳಾದ ಮೇಲೆ ತಾಯ್ತಂದೆಗಳು ಅಷ್ಟು ಸುಲಭವಾಗಿ ಗೂಡು ತೊರೆಯುವುದಿಲ್ಲ. ಆದರೆ ರೆಕ್ಕೆ ಬಲಿಯುತ್ತಿರುವ ಕೊನೆಯ ದಿನಗಳಲ್ಲಿ ಬೆದರಿದ ಮರಿಗಳು ಹಾರಲು ಬಾರದೆಯೇ ಹೊರಗೆ ಜಿಗಿದುಬಿಡುವುದುಂಟು. ನಿಮ್ಮಲ್ಲಿ ಬೆಕ್ಕಿದೆಯೋ ಇಲ್ಲವೋ ತಿಳಿಯದು, ಪಕ್ಕದ ಮನೆಯದು ಸಾಕು.

ಬೆಳಕಿನ ಬೆನ್ನು, ಬೆಂಗಳೂರು

ಕಾಡುಮಲ್ಲಿಗೆಯವರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲವೆಂದು ಹೇಳುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗಳು ಈಗ ಹಲವು ಇವೆ, ಅದು ಒಳ್ಳೆಯದೇ. ಚಿತ್ರದ ದೃಷ್ಟಿಯಿಂದಲೂ ಗೂಡು ಅಂಥ ಸ್ವಾರಸ್ಯದ ವಸ್ತುವಲ್ಲ ಎಂಬುದು ನನ್ನ ಅಭಿಪ್ರಾಯ: ಹಕ್ಕಿ ಬರುತ್ತದೆ, ತಲೆ ತೂರಿಸುತ್ತದೆ, ಹೋಗುತ್ತದೆ, ನೂರು ಚಿತ್ರ ತೆಗೆದರೂ ನೂರೂ ಒಂದೇ. ನಿಮ್ಮ ದಾಸವಾಳ ಇದಕ್ಕಿಂತ ಎಷ್ಟೋ ಪಾಲು ಮೇಲು. ಸೂರಕ್ಕಿ ದಾಸವಾಳದ ಎದುರಿನಿಂದ ಕೊಕ್ಕು ಹಾಕುವ ಬದಲು ಹೂವಿನ ಬುಡಕ್ಕೇ ತೂತು ಕೊರೆದು ಮಕರಂದ ಹೀರುವುದನ್ನು ಕಾಣಬಹುದು. ಪರಾಗಸ್ಪರ್ಶದ ಕೂಲಿ ಕೊಡದೆ ಊಟ ಮುಗಿಸುವ ಈ ಕಳ್ಳತನವನ್ನು ಚಿತ್ರದಲ್ಲಿ ಹಿಡಿಯಿರಿ. ಬೆಳಿಗ್ಗೆ ಯಾವ ಹೂವಿಗೆ ಬರುತ್ತದೆ, ಮೊದಲು ಯಾವ ಕಡ್ಡಿಯ ಮೇಲೆ ಕುಳಿತುಕೊಳ್ಳುತ್ತದೆ ಎಂಬುದನ್ನು ಕ್ಯಾಮೆರಾ ಇಲ್ಲದೆ ಕೆಲವು ದಿನ ನೋಡಿದರೆ ಸಾಕು, ಅದರ ದಾರಿ ನಿಮಗೆ ಬಾಯಿಪಾಠವಾಗುತ್ತದೆ. ಅಭಯಾರಣ್ಯಕ್ಕೆ ಒಂದು ದಿನಕ್ಕಾಗಿ ಹೋಗಿ ಬರುವವರಿಗೆ ಈ ಅನುಕೂಲ ಇಲ್ಲ.

ಇನ್ನು ಹಕ್ಕಿ ಕಪ್ಪಾಗುವ ಸಮಸ್ಯೆಗೆ ಎರಡು ಕಾರಣಗಳಿರಬೇಕು. ಬಿಳಿಯ ಆಕಾಶ ಹಿನ್ನೆಲೆಯಲ್ಲಿದ್ದಾಗ ಕ್ಯಾಮೆರಾ ಆ ಬೆಳಕನ್ನೇ ಅಳೆದು ಹಕ್ಕಿಯನ್ನು ಕತ್ತಲಾಗಿಸುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕನ್ನು ಏರಿಳಿಸುವ ಹೊಂದಿಕೆ) ಅನ್ನು +1ರ ಆಸುಪಾಸಿಗೆ ಏರಿಸಿ ನೋಡಿ. ಬೆಳ್ಳಕ್ಕಿ ತೆಗೆಯುವಾಗ ಇದರ ತಿರುವುಮುರುವು, ಬಿಳಿಯ ಗರಿಗಳ ವಿವರ ಉಳಿಯಬೇಕಾದರೆ ಇಳಿಸಬೇಕಾಗಬಹುದು. ಎರಡನೆಯ ಕಾರಣ ಹಕ್ಕಿಯ ಮೈಯಲ್ಲೇ ಇದೆ. ಗಂಡು ಸೂರಕ್ಕಿಯ ಕೊರಳು ಮತ್ತು ನೆತ್ತಿಯ ಮಿರುಗು ಬಣ್ಣದ್ರವ್ಯದಿಂದ ಬಂದದ್ದಲ್ಲ, ಗರಿಗಳ ಸೂಕ್ಷ್ಮ ರಚನೆಯಿಂದ ಬೆಳಕು ಪ್ರತಿಫಲಿಸಿ ಹುಟ್ಟುವಂಥದು. ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬಂದು ಹಕ್ಕಿ ನಿಮ್ಮತ್ತ ತಿರುಗಿದಾಗ ಮಾತ್ರ ಹಸಿರು, ನೇರಳೆಗಳು ಹೊತ್ತಿಕೊಳ್ಳುತ್ತವೆ. ಕೋನ ತಪ್ಪಿದರೆ ಬರೀ ಕಪ್ಪು. ಯಾವ ಲೆನ್ಸ್ ತಂದರೂ ಇದು ಬದಲಾಗದು.

ಮಸುಕಿಗೆ ಕಾರಣ ಷಟರ್ ವೇಗ. ಸೂರಕ್ಕಿ ಕುಳಿತಿದ್ದರೂ ಅದರ ತಲೆ ಕುಳಿತಿರುವುದಿಲ್ಲ. ಕನಿಷ್ಠ 1/1000 ಸೆಕೆಂಡ್ ಇಟ್ಟುಕೊಳ್ಳಿ, ಹಾರಾಟಕ್ಕೆ 1/2500 ಅಥವಾ ಅದಕ್ಕೂ ಹೆಚ್ಚು. ಇದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, 3200 ತನಕ ಏರಿದರೂ ಅಂಜಬೇಡಿ. ಕಾಳುಕಾಳಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಅಲುಗಿದ ಚಿತ್ರವನ್ನು ಯಾರಿಂದಲೂ ತಿದ್ದಲಾಗದು. ನಿಮ್ಮ ಕ್ಯಾಮೆರಾದ ಸೆನ್ಸರ್ ಎಪಿಎಸ್-ಸಿ (ಪೂರ್ಣ ಅಳತೆಗಿಂತ ಚಿಕ್ಕದು) ಆಗಿದ್ದರೆ 300 ಮಿ.ಮೀ. ಲೆನ್ಸು ಸುಮಾರು 450 ಮಿ.ಮೀ.ಗೆ ಸಮನಾದ ನೋಟ ಕೊಡುತ್ತದೆ, ಹಿತ್ತಲಿಗೆ ಅದು ಧಾರಾಳ. 150-600 ಕೊಳ್ಳಲೇಬೇಕೆಂದು ಯಾರಾದರೂ ಹೇಳಿದರೆ ಒಂದು ವರ್ಷ ತಡೆಯಿರಿ.

ಅಡುಗೆಮನೆಯ ಕಿಟಕಿಯೇ ನಿಮ್ಮ ಅಡಗುತಾಣ. ಒಳಗಿನ ದೀಪ ಆರಿಸಿ, ಪರದೆಯ ಸಂದಿನಿಂದ ಲೆನ್ಸಿನ ಮೂತಿಯಷ್ಟೇ ಕಾಣುವಂತೆ ನಿಲ್ಲಿ. ಗಾಜಿನ ಮೂಲಕವೇ ತೆಗೆಯಬೇಕಾದರೆ ಲೆನ್ಸನ್ನು ಗಾಜಿಗೆ ತಾಗುವಷ್ಟು ಹತ್ತಿರ, ನೇರವಾಗಿ ಹಿಡಿಯಿರಿ. ಓರೆಯಾದರೆ ಚಿತ್ರ ಮಬ್ಬಾಗುತ್ತದೆ. ಫ್ಲ್ಯಾಷ್ ಬೇಡ.

ಹಳೇ ಮೇಷ್ಟ್ರು, ಹಾಸನ

ಇಲ್ಲಿನ ಚರ್ಚೆಯನ್ನು ಆಸಕ್ತಿಯಿಂದ ಓದಿದೆ, ಆದರೆ ಇಷ್ಟೊಂದು ಕಟ್ಟುಪಾಡು ಅತಿಯಾಯಿತೆಂದು ಹೇಳದಿರಲಾರೆ. ನಾನು ಹುಟ್ಟಿ ಬೆಳೆದ ತೊಟ್ಟಿಮನೆಯಲ್ಲಿ ಗುಬ್ಬಚ್ಚಿಗಳು ತೊಲೆಯ ಸಂದಿನಲ್ಲಿ, ದೇವರ ಪಟದ ಹಿಂದೆ ಗೂಡು ಕಟ್ಟುತ್ತಿದ್ದವು. ಕೆಳಗೆ ನಾವು ಮಕ್ಕಳು ಕೂಗಾಡುತ್ತಿದ್ದೆವು, ಅಜ್ಜಿ ಅಕ್ಕಿ ಕೇರುತ್ತಿದ್ದರು, ಯಾವ ಗುಬ್ಬಿಯೂ ಗೂಡು ಬಿಟ್ಟು ಓಡಿದ್ದು ನೆನಪಿಲ್ಲ. ಹಕ್ಕಿ ಮನುಷ್ಯನ ಮನೆಯನ್ನು ತಾನಾಗಿಯೇ ಆರಿಸಿಕೊಂಡು ಬಂದಿರುವಾಗ, ಹಿತ್ತಲವಾಸಿಗಳು ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದರೆ ಆಗುವ ನಷ್ಟವೇನು? ಹೀಗೆ ಹೆದರಿಸುತ್ತಾ ಹೋದರೆ ಹೊಸಬರು ಹಕ್ಕಿಗಳ ಕಡೆ ತಲೆಯೆತ್ತಿಯೂ ನೋಡುವುದಿಲ್ಲ.

ಕಾಡುಮಲ್ಲಿಗೆ, ಸಿರ್ಸಿ

ಮೇಷ್ಟ್ರೇ, ತಮ್ಮ ಮಾತಿನಲ್ಲಿ ಸತ್ಯವಿದೆ. ಮನೆಯವರ ಓಡಾಟಕ್ಕೆ ಹಕ್ಕಿಗಳು ಒಗ್ಗಿರುತ್ತವೆ, ಕಾಗೆಯ ಕಾಟ ತಪ್ಪುತ್ತದೆಂದು ಅವು ಜಗುಲಿಯನ್ನು ಬಯಸುವುದೂ ಇದ್ದೀತು. ಆದರೆ ಅಕ್ಕಿ ಕೇರುವ ಅಜ್ಜಿ ಗುಬ್ಬಿಯ ಕಡೆ ನೋಡುತ್ತಿರಲಿಲ್ಲ. ದಿನವೂ ಬೀದಿಯಲ್ಲಿ ಹಾದುಹೋಗುವ ಹಾಲಿನವನನ್ನು ನಾವು ಗಮನಿಸುವುದಿಲ್ಲ, ಗೇಟಿನ ಬಳಿ ನಿಂತು ನಮ್ಮ ಕಿಟಕಿಯನ್ನೇ ದಿಟ್ಟಿಸುವ ಅಪರಿಚಿತನನ್ನು ಗಮನಿಸದೆ ಇರುವುದಿಲ್ಲ. ಕ್ಯಾಮೆರಾ ಹಿಡಿದವನು ಎರಡನೆಯವನು. ದೊಡ್ಡ ಗಾಜಿನ ಕಣ್ಣೊಂದು ತನ್ನತ್ತ ತಿರುಗಿ ನಿಶ್ಚಲವಾಗಿ ನಿಂತದ್ದನ್ನು ಹಕ್ಕಿ ಬೇಟೆಗಾರನ ನಡವಳಿಕೆಯೆಂದು ಭಾವಿಸಿದರೆ ಅದರ ತಪ್ಪಲ್ಲ.

ಮೊಬೈಲಿನಲ್ಲಿ ಇನ್ನೊಂದು ತೊಡಕಿದೆ. ಅದರಲ್ಲಿ ಗೂಡು ದೊಡ್ಡದಾಗಿ ಕಾಣಬೇಕಾದರೆ ಕೈಯಳತೆಗೆ ಹೋಗಬೇಕು. ಉದ್ದನೆಯ ಲೆನ್ಸಿನ ಬೆಲೆಯೆಲ್ಲ ದೂರ ನಿಲ್ಲಲು ಸಿಗುವ ಅನುಮತಿಯಲ್ಲವೇ? ತಮ್ಮ ಗುಬ್ಬಚ್ಚಿಗಳ ವಿಷಯಕ್ಕೆ ಒಂದು ಸಮಾಧಾನದ ಸಂಗತಿ: ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ 2020ರ ವರದಿಯ ಪ್ರಕಾರ ಗುಬ್ಬಚ್ಚಿಯ ಸಂಖ್ಯೆ ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ, ಕುಸಿತ ಕಂಡದ್ದು ಮಹಾನಗರಗಳಲ್ಲಿ. ಮೊಬೈಲ್ ಗೋಪುರಗಳೇ ಕೊಂದವು ಎಂಬ ಮಾತಿಗೆ ಆಧಾರ ಸಿಕ್ಕಿಲ್ಲ. ಮರಿಗಳಿಗೆ ಬೇಕಾದ ಹುಳುಗಳೂ ಗೂಡಿಗೆ ಬೇಕಾದ ಸಂದುಗಳೂ ಇಲ್ಲವಾದದ್ದು ಹೆಚ್ಚು ಒಪ್ಪುವಂಥ ಕಾರಣ. ತೊಟ್ಟಿಮನೆಯ ತೊಲೆ ಹೋಗಿ ಆರ್‌ಸಿಸಿ ಚಾವಣಿ ಬಂದಿತಲ್ಲ.

ಕೇಪಳ, ಉಡುಪಿ

ನೀರು, ಕಾಳಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನೀರು ಖಂಡಿತ ಇಡಿ. ಅಂಚು ಒರಟಾಗಿರುವ, ಎರಡು ಇಂಚಿಗಿಂತ ಆಳವಿಲ್ಲದ ಮಣ್ಣಿನ ತಟ್ಟೆ ಒಳ್ಳೆಯದು. ಆಳ ಹೆಚ್ಚಿದ್ದರೆ ನಡುವೆ ಒಂದು ಕಲ್ಲಿಡಿ. ದಿನವೂ ನೀರು ಚೆಲ್ಲಿ ತಟ್ಟೆಯನ್ನು ತಿಕ್ಕಿ ತೊಳೆಯಬೇಕು, ಇಲ್ಲದಿದ್ದರೆ ಹಕ್ಕಿಗಿಂತ ಮೊದಲು ಡೆಂಗೀ ಸೊಳ್ಳೆ ಬರುತ್ತದೆ. ತಟ್ಟೆಯನ್ನು ಪೊದೆಗೆ ತೀರ ಅಂಟಿಸಿ ಇಡಬೇಡಿ, ಬೆಕ್ಕು ಅಲ್ಲೇ ಹೊಂಚುಹಾಕುತ್ತದೆ. ತೀರ ಬಯಲಲ್ಲೂ ಬೇಡ, ಶಿಕ್ರಾ ಎಂಬ ಸಣ್ಣ ಗಿಡುಗ ಎರಗಿದರೆ ಓಡಿ ಅಡಗಲು ಜಾಗವಿರಬೇಕು. ಸ್ನಾನ ಮುಗಿಸಿದ ಹಕ್ಕಿ ಗರಿ ಒಣಗಿಸಲು ಹತ್ತಿರದ ಕಡ್ಡಿಗೆ ಹಾರುತ್ತದೆ. ಬೆಳಕು ಚೆನ್ನಾಗಿ ಬೀಳುವ, ಹಿಂದೆ ದೂರದವರೆಗೆ ಹಸಿರು ಇರುವ ಕಡೆ ಅಂಥದೊಂದು ಒಣ ರೆಂಬೆಯನ್ನು ನೆಟ್ಟರೆ ನಿಮ್ಮ ಚಿತ್ರಕ್ಕೆ ಬೇಕಾದ ವೇದಿಕೆ ಸಿದ್ಧ. ಬೇಸಿಗೆಯ ಮಧ್ಯಾಹ್ನ ಪಿಕಳಾರ, ಮಡಿವಾಳ, ಹರಟೆಮಲ್ಲಗಳ ಗುಂಪು ಸರದಿಯಂತೆ ಬರುತ್ತವೆ. ಹರಟೆಮಲ್ಲಗಳಿಗೆ ಮಾತ್ರ ಸರದಿ ಎಂಬುದೇ ತಿಳಿಯದು.

ಕಾಳಿನ ಬಗ್ಗೆ ನನಗೆ ಉತ್ಸಾಹವಿಲ್ಲ. ಪೇಟೆಯಲ್ಲಿ ಕಾಳು ಹಾಕಿದರೆ ಬರುವುದು ಪಾರಿವಾಳ. ಅವು ಬಂದ ಮೇಲೆ ಉಳಿದವು ಹಿಂದೆ ಸರಿಯುತ್ತವೆ, ಅವುಗಳ ಹಿಕ್ಕೆಯ ಧೂಳಿನಿಂದ ಕೆಲವರಿಗೆ ಶ್ವಾಸಕೋಶದ ತೀವ್ರ ಅಲರ್ಜಿ ಉಂಟಾಗುವುದೂ ವೈದ್ಯರು ಬಲ್ಲ ಸಂಗತಿ. ಬ್ರೆಡ್ಡು, ಮಿಕ್ಸ್ಚರ್, ಉಪ್ಪು ಹಾಕಿದ ಅನ್ನ ಯಾವುದೂ ಬೇಡ. ಇವುಗಳ ಬದಲು ಗಿಡ ನೆಡಿ. ಕೇಪಳ, ದಾಸವಾಳಗಳು ಸೂರಕ್ಕಿಗೆ; ಜಾಗವಿದ್ದರೆ ಅತ್ತಿ ಅಥವಾ ಹಾಲುವಾಣ. ಗಸಗಸೆ ಹಣ್ಣಿನ ಮರ ಹೊರಗಿನಿಂದ ಬಂದದ್ದಾದರೂ ಬೇಗ ಬೆಳೆದು ವರ್ಷದ ಬಹುಭಾಗ ಹಣ್ಣು ಕೊಡುವುದರಿಂದ ಕುಟ್ರುಹಕ್ಕಿ, ಕೋಗಿಲೆ, ಪಿಕಳಾರಗಳೆಲ್ಲ ಅಲ್ಲಿ ಸೇರುತ್ತವೆ. ಮಾವಿನ ಮರದಲ್ಲಿ ಬದನಿಕೆ (ಮರದ ಮೇಲೆ ಬೆಳೆಯುವ ಪರಾವಲಂಬಿ ಗಿಡ) ಇದ್ದರೆ ಒಂದಿಷ್ಟನ್ನು ಉಳಿಸಿಕೊಳ್ಳಿ ಎಂದರೆ ನಮ್ಮ ಮನೆಯವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ: ಹೆಬ್ಬೆರಳಿನಷ್ಟೇ ಇರುವ ಬದನಿಕೆ ಹಕ್ಕಿ ಅದರ ಹಣ್ಣು ತಿಂದು, ಅಂಟಂಟಾದ ಬೀಜವನ್ನು ಇನ್ನೊಂದು ರೆಂಬೆಗೆ ಒರೆಸಿ ಹೋಗುತ್ತದೆ. ಅದರ ಚಿತ್ರ ಬೇಕೆಂದರೆ ಬದನಿಕೆಯ ಬಳಿ ಕಾಯುವುದಕ್ಕಿಂತ ಸುಲಭದ ದಾರಿ ಇಲ್ಲ.

ಹೊಳೆಯಾಚೆ, ನ್ಯೂಜೆರ್ಸಿ

ಕೇಪಳ ಅವರೇ, ಇಲ್ಲಿ ನಾವು ಹಮ್ಮಿಂಗ್‌ಬರ್ಡ್‌ಗಳಿಗೆಂದು ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಬೆರೆಸಿ ಕೆಂಪು ಫೀಡರ್‌ಗಳಲ್ಲಿ ತೂಗುಹಾಕುತ್ತೇವೆ. ಊರಿಗೆ ಬಂದಾಗ ಸೂರಕ್ಕಿಗೂ ಹೀಗೆ ಮಾಡಬಹುದೇ ಎಂದು ನಮ್ಮ ತಂದೆಯವರು ಕೇಳುತ್ತಿದ್ದಾರೆ. ಚಳಿಗಾಲದಲ್ಲಿ ಹಿಮ ಬಿದ್ದಾಗ ಇಲ್ಲಿ ಕಾಳಿನ ಫೀಡರ್ ಇಡುವುದು ಮನೆಮನೆಯ ವಾಡಿಕೆ.

ಕೇಪಳ, ಉಡುಪಿ

ನಮ್ಮಲ್ಲಿ ಅದರ ಅಗತ್ಯವೇ ಬೀಳದು ಎಂದು ನನ್ನ ಅನಿಸಿಕೆ. ಕರಾವಳಿಯ ಸೆಕೆಗೆ ಸಕ್ಕರೆ ನೀರು ಬಹು ಬೇಗ ಹುಳಿಯುತ್ತದೆ, ಹುಳಿತದ್ದನ್ನು ಕುಡಿದ ಹಕ್ಕಿಗೆ ಕೇಡು. ಸೂರಕ್ಕಿ ಮರಿಗಳಿಗೆ ಉಣಿಸುವುದು ಮುಖ್ಯವಾಗಿ ಜೇಡ ಮತ್ತು ಸಣ್ಣ ಹುಳುಗಳನ್ನು, ಅದನ್ನು ಫೀಡರ್ ಕೊಡಲಾರದು. ನಿಮ್ಮ ದೇಶದಲ್ಲೇ 2021ರಲ್ಲಿ ಪಶ್ಚಿಮ ಕರಾವಳಿಯ ಸಣ್ಣ ಹಕ್ಕಿಗಳಾದ ಪೈನ್ ಸಿಸ್ಕಿನ್‌ಗಳಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಸೋಂಕು ಹರಡಿದಾಗ ಫೀಡರ್‌ಗಳನ್ನು ಕೆಲಕಾಲ ಇಳಿಸುವಂತೆ ಜನರಿಗೆ ತಿಳಿಸಿದ್ದರಲ್ಲವೇ? ತಂದೆಯವರಿಗೆ ನಾಲ್ಕು ಕೇಪಳದ ಗಿಡ ತಂದುಕೊಡಿ.

ತೇಲುಗಣ್ಣು, ಮೈಸೂರು

ಹೊಸಬನ ಒಂದು ಸಲಹೆ. ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪಿನಲ್ಲಿ ಹಕ್ಕಿಗಳ ಕೂಗು ಇವೆ. ಮಡಿವಾಳದ ಹಾಡನ್ನು ಮೊಬೈಲಿನಲ್ಲಿ ಹಾಕಿದರೆ ಅದು ತಾನಾಗಿಯೇ ಎದುರಿನ ಕೊಂಬೆಗೆ ಬಂದು ಕುಳಿತುಕೊಳ್ಳುತ್ತದೆ, ನನ್ನ ಸ್ನೇಹಿತರು ಹೀಗೆ ಒಳ್ಳೆಯ ಚಿತ್ರಗಳನ್ನು ತೆಗೆದಿದ್ದಾರೆ.

ಕಾಡುಮಲ್ಲಿಗೆ, ಸಿರ್ಸಿ

ಅದು ಬಂದು ಕುಳಿತುಕೊಳ್ಳುವುದು ನಿಮ್ಮ ಮೇಲಿನ ವಿಶ್ವಾಸದಿಂದಲ್ಲ, ತನ್ನ ಎಲ್ಲೆಯೊಳಗೆ ಇನ್ನೊಂದು ಗಂಡು ನುಗ್ಗಿದೆ ಎಂಬ ಕೋಪದಿಂದ. ಮರಿಗಳಿಗೆ ಹುಳು ಹಿಡಿಯಬೇಕಾದ ಹೊತ್ತನ್ನು ಅದು ಇಲ್ಲದ ಶತ್ರುವನ್ನು ಹುಡುಕುವುದರಲ್ಲಿ ಕಳೆಯುತ್ತದೆ. ಕಾಡಿನಲ್ಲಿ ಒಮ್ಮೆ ಹಾಕಿ ಮುಂದೆ ಹೋಗುವವರದು ಒಂದು ಬಗೆ. ಹಿತ್ತಲಿನಲ್ಲಿ ಅದೇ ಜೋಡಿಗೆ ದಿನವೂ ಹಾಕುವುದು ಇನ್ನೂ ಕೆಟ್ಟದ್ದು. ಕಾರಿನ ಕನ್ನಡಿಯಲ್ಲಿ ತನ್ನ ಬಿಂಬವನ್ನೇ ಕುಕ್ಕುವ ಹಕ್ಕಿಯನ್ನು ನೋಡಿದ್ದೀರಾದರೆ ಈ ಕೋಪ ಎಷ್ಟೆಂಬುದು ತಿಳಿದಿರುತ್ತದೆ. ಆ ಕನ್ನಡಿಗೂ ಬಟ್ಟೆಯ ಚೀಲ ಹಾಕಿಡಿ.

ಆ್ಯಪನ್ನು ಕೇಳಿಸಲು ಬಳಸಬೇಡಿ, ಕೇಳಲು ಬಳಸಿ. 2021ರಲ್ಲಿ ಅದಕ್ಕೆ ಸೇರಿದ ಧ್ವನಿ ಗುರುತಿಸುವ ಸೌಲಭ್ಯ ಕಲಿಯುವವರಿಗೆ ನಿಜಕ್ಕೂ ಉಪಯುಕ್ತ. ಆದರೂ ಅದು ಹೇಳಿದ್ದನ್ನೆಲ್ಲ ಪಟ್ಟಿಗೆ ಇಳಿಸಬೇಡಿ. ನಮ್ಮ ಮಲೆನಾಡಿನ ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಅಣಕಿಸುವುದರಲ್ಲಿ ನಿಸ್ಸೀಮ, ಅದು ಮನುಷ್ಯರನ್ನೇ ಏಮಾರಿಸುವಾಗ ಆ್ಯಪಿನ ಪಾಡೇನು?

ಹಿತ್ತಲವಾಸಿ, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ರೆಂಬೆಗಳನ್ನು ಮುಟ್ಟಿಲ್ಲ, ಗೂಡಿರುವ ತಂತಿಯನ್ನು ಹಾಗೆಯೇ ಬಿಟ್ಟು ಬಟ್ಟೆ ಒಣಹಾಕಲು ಮನೆಯ ಇನ್ನೊಂದು ಬದಿಗೆ ಬೇರೆ ತಂತಿ ಕಟ್ಟಿದ್ದೇವೆ, ಕ್ಯಾಮೆರಾ ದಾಸವಾಳದ ಕಡೆ ತಿರುಗಿದೆ. ಒಂದು ಪ್ರಶ್ನೆ ಉಳಿದಿದೆ. ಇಲ್ಲಿ ದಿನವೂ ಕಾಣುವುದು ಅವೇ ಇಪ್ಪತ್ತು ಮೂವತ್ತು ಜಾತಿಯ ಹಕ್ಕಿಗಳು. ಇವುಗಳನ್ನು ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ನಲ್ಲಿ ದಾಖಲಿಸುವುದರಿಂದ ಯಾರಿಗಾದರೂ ಉಪಯೋಗವಿದೆಯೇ? ನನ್ನ ಮಸುಕಾದ ಚಿತ್ರಗಳನ್ನು ಅಲ್ಲಿ ಹಾಕಲು ಸಂಕೋಚವಾಗುತ್ತದೆ.

ಬೆಳಕಿನ ಬೆನ್ನು, ಬೆಂಗಳೂರು

ಉಪಯೋಗವಿರುವುದೇ ಅವುಗಳಿಂದ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಗಳ ಸ್ಥಿತಿಯನ್ನು ಅಳೆದದ್ದು 30,000ಕ್ಕೂ ಹೆಚ್ಚು ಹಕ್ಕಿವೀಕ್ಷಕರು ಕೊಟ್ಟ ಸುಮಾರು 3 ಕೋಟಿ ದಾಖಲೆಗಳಿಂದ. ಅಪರೂಪದ ಹಕ್ಕಿಗಾಗಿ ನೂರಾರು ಕಿಲೋಮೀಟರ್ ಓಡುವವರು ಬಹಳ ಜನ ಇದ್ದಾರೆ. ಒಂದೇ ಜಾಗದಲ್ಲಿ ವರ್ಷವಿಡೀ ಚೋರೆ, ಪಿಕಳಾರಗಳನ್ನು ಎಣಿಸುವವರು ಕಡಿಮೆ. ಅದಲ್ಲದೆ ನಿಮ್ಮ ಹಿತ್ತಲು ಅಷ್ಟು ಸಾಮಾನ್ಯವೂ ಅಲ್ಲ. ಅಕ್ಟೋಬರ್ ಆಸುಪಾಸಿನಲ್ಲಿ ಉತ್ತರದಿಂದ ರಾತ್ರಿ ಹಾರಿ ಬರುವ ನವರಂಗ ಹಕ್ಕಿ ಊರೊಳಗಿನ ಅಂಗಳಗಳಲ್ಲಿ ದಣಿದು ಇಳಿಯುವುದುಂಟು. ಹಾಗೆ ಕಂಡರೆ ಬಾಯಿಗೆ ನೀರು ಸುರಿಯಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಟ್ಟು, ಚೇತರಿಸಿಕೊಂಡರೆ ಪೊದೆಯ ಬಳಿ ಬಿಡಿ, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಚಳಿಗಾಲದಲ್ಲಿ ಪೊದೆಯೊಳಗಿಂದ ‘ಚಕ್, ಚಕ್’ ಎಂದು ಕೇಳಿಸುತ್ತಾ ಮುಖ ತೋರದೆ ಸತಾಯಿಸುವುದು ಬ್ಲೈತ್ಸ್ ರೀಡ್ ವಾರ್ಬ್ಲರ್ ಇರಬಹುದು. ಅಂಥ ಹಕ್ಕಿಯನ್ನು ಖಚಿತಪಡಿಸಲು ಮಸುಕಾದ ಚಿತ್ರವೂ ಸಾಕಾಗುತ್ತದೆ, ಅಲ್ಲಿ ಯಾರೂ ಬಹುಮಾನ ಕೊಡಲು ಕುಳಿತಿಲ್ಲ. ಹಾಲಕ್ಕಿ ಗೂಬೆಯ ಗೂಡಿನಂಥ ಜಾಗಗಳನ್ನು ಮಾತ್ರ ಜಾಲತಾಣಗಳಲ್ಲಿ ಬಹಿರಂಗಪಡಿಸಬೇಡಿ, ಮರುದಿನವೇ ಹತ್ತು ಕ್ಯಾಮೆರಾಗಳು ನಿಮ್ಮ ಕಾಂಪೌಂಡಿನ ಹೊರಗಿರುತ್ತವೆ.

ಆರಂಭಿಸಲು ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಒಳ್ಳೆಯ ಸಮಯ. ಅಮೆರಿಕದಲ್ಲಿ 1998ರಲ್ಲಿ ಶುರುವಾಗಿ 2013ರಿಂದ ನಮ್ಮ ದೇಶದಲ್ಲೂ ನಡೆಯುತ್ತಿದೆ. ನಾಲ್ಕು ದಿನಗಳಲ್ಲಿ ಯಾವಾಗಲಾದರೂ ಕನಿಷ್ಠ 15 ನಿಮಿಷ ಒಂದೆಡೆ ನಿಂತು, ಗುರುತು ಹಿಡಿದ ಎಲ್ಲ ಜಾತಿಗಳನ್ನೂ ಬರೆಯಬೇಕು.

ಹಳೇ ಮೇಷ್ಟ್ರು, ಹಾಸನ

ನಾನೂ ಸೇರುವುದೆಂದು ನಿರ್ಧರಿಸಿದ್ದೇನೆ. ಸಂಜೆ ನಮ್ಮ ಮನೆಯ ಮೇಲೆ ಕೆರೆಯ ಕಡೆಗೆ ಬೆಳ್ಳಕ್ಕಿಗಳು ಹಿಂಡುಹಿಂಡಾಗಿ ಹಾರಿಹೋಗುತ್ತವೆ, ಅಂಗಳಕ್ಕೆ ಇಳಿಯುವುದಿಲ್ಲ. ಅವನ್ನೂ ಬರೆಯಬಹುದೇ? ಎಣಿಸುವಷ್ಟರಲ್ಲಿ ಹೋಗಿಬಿಡುತ್ತವೆ.

ಬೆಳಕಿನ ಬೆನ್ನು, ಬೆಂಗಳೂರು

ಬರೆಯಬಹುದು ಮೇಷ್ಟ್ರೇ. ನಿಂತ ಜಾಗದಿಂದ ಕಂಡದ್ದು, ಕೇಳಿಸಿದ್ದು, ಮೇಲೆ ಹಾರಿಹೋದದ್ದು ಎಲ್ಲವೂ ಪಟ್ಟಿಗೆ ಸೇರುತ್ತವೆ. ಹಿಂಡಿನ ಒಂದು ಮೂಲೆಯಲ್ಲಿ ಹತ್ತನ್ನು ಎಣಿಸಿ, ಅಂಥ ಎಷ್ಟು ಹತ್ತುಗಳಿವೆ ಎಂದು ಕಣ್ಣಳತೆಯಲ್ಲಿ ನೋಡಿ ಸಂಖ್ಯೆ ಹಾಕಿ. ಸಂಖ್ಯೆಯಿಲ್ಲದೆ, ಹಕ್ಕಿ ಕಂಡಿತು ಎಂದಷ್ಟೇ ಸೂಚಿಸುವ ‘ಎಕ್ಸ್’ ಗುರುತು ಹಾಕಿ ಬಿಡುವುದಕ್ಕಿಂತ ಅಂದಾಜಿನ ಸಂಖ್ಯೆ ಎಷ್ಟೋ ವಾಸಿ. ಹಾರುವ ಹಿಂಡಿನ ಒಂದು ಚಿತ್ರ ತೆಗೆದುಕೊಂಡರೆ ಆಮೇಲೆ ಕುಳಿತು ಎಣಿಸಲೂ ಬಹುದು. ಅದಕ್ಕೆ ತಮ್ಮ ಮೊಬೈಲೇ ಸಾಕು.